ಆರು ತೋಪಿನ ಅಳಿಯ

"ಎಳನೀರಾಗ್ಲಿ, ಕಾಯಾಗ್ಲಿ, ಮನುಷ್ಯನಾಗ್ಲಿ, ಬೆರಳಲ್ಲಿ ಒಂದ್ಸಲ ತಟ್ಟಿ ಕಿವಿ ಕೊಟ್ರೆ ಸಾಕು, ಒಳಗೆ ಏನೈತೆ ಅಂತ ಹೇಳ್ಬುಡ್ತೀನಿ. ಈ ದೊಡ್ಡರಂಗಯ್ಯನ ಕಿವಿಗೆ ಮೋಸ ಮಾಡೋ ಕಾಯಿ ಇನ್ನೂ ಯಾವ ಮರದಲ್ಲೂ ಬಿಟ್ಟಿಲ್ಲ."

ಕುಣಿಗಲ್ ಸಂತೆಯಲ್ಲಿ ಈ ಮಾತು ಕೇಳಿಸಿಕೊಳ್ಳದೆ ಯಾರೂ ಕಾಯಿ ಕೊಂಡುಕೊಂಡು ಮನೆಗೆ ಹೋದದ್ದಿಲ್ಲ. ದೊಡ್ಡರಂಗಯ್ಯನವರು ಒಂದು ಸಲ ಬಸ್ಸಿನಲ್ಲಿ ಕೂತು, ಕಿಟಕಿಯಾಚೆ ಓಡುತ್ತಿದ್ದ ಒಂದು ತೆಂಗಿನ ಮರವನ್ನು ನೋಡಿ, "ಮೂರನೇ ಗೊನೇಲಿ ಒಂದು ಕೊಳ್ತೈತೆ" ಎಂದರಂತೆ. ಮರದ ಯಜಮಾನ ಹತ್ತಿ ನೋಡಿದರೆ ನಿಜವಾಗಿ ಕೊಳೆತಿತ್ತಂತೆ. ಆ ಮರ ಅವಮಾನ ತಾಳಲಾರದೆ ಮುಂದಿನ ವರ್ಷ ಹೊಂಬಾಳೆಯನ್ನೇ ಒಡೆಯಲಿಲ್ಲವಂತೆ. ಇದನ್ನು ನಂಬದವರು ಕುಣಿಗಲ್ಲಿಗೆ ಹೋಗಿ ಆ ಮರವನ್ನೇ ಕೇಳಬಹುದು.

ಇಂಥ ಕಿವಿಯ ಯಜಮಾನರು ತಮ್ಮ ಒಬ್ಬಳೇ ಮಗಳು ಸಿದ್ದಲಕ್ಷ್ಮಮ್ಮನಿಗೆ ಗಂಡು ಹುಡುಕಲು ಹೊರಟದ್ದು ತೊಂಬತ್ತೊಂದರಲ್ಲಿ. ಚೇಳೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಸಿದ್ದಗಂಗಯ್ಯ. ಮಾತುಕತೆಗೆ ಬಂದವರು ಹುಡುಗನ ಸೋದರಮಾವ ಪುಟ್ಟರಂಗಯ್ಯ. ಕಾಫಿ ಲೋಟ ಕೆಳಗಿಟ್ಟು ಅವರು ಶುರು ಮಾಡಿದರು.

"ಹುಡುಗ ಮಿಲ್ಟ್ರೀಲವ್ನೆ ಬೀಗ್ರೆ. ತೋಪಿನ ಕಡೆ."

ದೊಡ್ಡರಂಗಯ್ಯನವರ ಕಿವಿ ನೆಟ್ಟಗಾಯಿತು. "ತೋಪಾ? ಎಷ್ಟವೆ?"

"ಆರು ತೋಪು."

ನಮ್ಮ ಕಡೆ ತೋಪು ಎಂದರೆ ಗುಂಡು ಹಾರಿಸುವ ಫಿರಂಗಿಯೂ ಹೌದು, ತೆಂಗು ಮಾವು ಬೆಳೆದ ತೋಟವೂ ಹೌದು. ಫಿರಂಗಿಯನ್ನು ಕಂಡವರು ಜಿಲ್ಲೆಗೆ ನಾಲ್ಕು ಜನ ಇದ್ದಾರು. ತೆಂಗಿನ ತೋಪಿನ ಕನಸು ಕಾಣದವರು ನಾಲ್ಕು ಜನವೂ ಸಿಗಲಾರರು. ದೊಡ್ಡರಂಗಯ್ಯನವರು ಕನಸಿನ ಪೈಕಿ.

"ಯಾವ ಕಡೀಕೆ ಬರ್ತಾವೆ?"

"ಗಡಿ ಕಡೀಕೆ."

ಗುಬ್ಬಿ ತಾಲ್ಲೂಕಿನ ಗಡಿ ಎಂದು ದೊಡ್ಡರಂಗಯ್ಯನವರು ಮನಸ್ಸಿನಲ್ಲೇ ಬೇಲಿ ಹಾಕಿಕೊಂಡರು. "ಕಾವಲಿಗೆ ಏನ್ ಮಾಡವ್ರೆ?"

"ಆರಕ್ಕೂ ಸೇರಿ ಒಂದು ಬ್ಯಾಟರಿ ಅಂತೆ."

"ಆರು ತೋಪಿಗೆ ಒಂದೇ ಬ್ಯಾಟರಿನಾ! ಸೆಲ್ಲು ತಡೀತದಾ?"

ಪುಟ್ಟರಂಗಯ್ಯನವರಿಗೂ ಆ ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿಯುವುದೋ ಕಾಲಿಗೆ ಕಟ್ಟುವುದೋ ತಿಳಿದಿರಲಿಲ್ಲ. ಸೋದರಳಿಯ ಹೇಳಿದ್ದನ್ನು ಹೇಳುತ್ತಿದ್ದರು ಅಷ್ಟೆ. "ಸರ್ಕಾರದ್ದು ಕಣ್ ಬೀಗ್ರೆ, ತಡೀದೆ ಏನು?"

"ಆಳುಕಾಳು?"

"ಒಂದೊಂದು ತೋಪಿಗೂ ಬೇರೆ ಬೇರೆ ಆಳು, ಬೇರೆ ಬೇರೆ ಲಾರಿ."

"ಚೆನ್ನಾಗಿ ಬೀಳ್ತಾವಾ?"

"ಒಂದು ಬಿದ್ರೆ ಹತ್ತು ಮೈಲಿ ಕೇಳ್ಸುತ್ತಂತೆ!"

ಬಿದ್ದರೆ ಹತ್ತು ಮೈಲಿ ಕೇಳಿಸುವ ತೆಂಗಿನಕಾಯಿಯ ಗಾತ್ರವನ್ನು ದೊಡ್ಡರಂಗಯ್ಯನವರು ಎರಡೂ ಕೈ ಅಗಲಿಸಿ ಅಂದಾಜು ಮಾಡಿದರು. ಕೈ ಸಾಲಲಿಲ್ಲ. ಆಮೇಲೆ ಹುಡುಗನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಊರು ಕೇರಿ ವಿಚಾರಿಸಿ, ಮಾತಿನಲ್ಲೇ ತಟ್ಟಿ ನೋಡಿದರು. ಹತ್ತು ಪ್ರಶ್ನೆಗೆ ಒಂದು "ಹೂಂ ಮಾವ" ಬಂತು. "ನೀರು ಕುಲುಕಾಡಲ್ಲ, ಒಳಗೆಲ್ಲ ಗಟ್ಟಿ ತಿರುಳು. ಕೊಟ್ಬುಡಾನ" ಎಂದು ಹೆಂಡತಿ ನಿಂಗಮ್ಮನಿಗೆ ಹೇಳಿದರು. ಮದುವೆಯಾಯಿತು.

ಎಡವಟ್ಟು ಹೊರಬಿದ್ದದ್ದು ಬೀಗರೂಟದ ದಿನ, ಚೇಳೂರಿನ ಪಕ್ಕದ ಹಳ್ಳಿಯಲ್ಲಿ. ಮುದ್ದೆ ಮುರಿದು, ಎಲೆ ಮಡಿಸಿ, ಕೈತೊಳೆದು ದೊಡ್ಡರಂಗಯ್ಯನವರು ಹೆಗಲ ಟವೆಲ್ಲು ಸರಿಮಾಡಿಕೊಂಡು ಎದ್ದರು. "ಬನ್ರಪ್ಪ, ಒಂದ್ ಸುತ್ತು ತೋಪು ನೋಡ್ಕಂಡು ಬರಾನ."

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಬೀಗರು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಪುಟ್ಟರಂಗಯ್ಯ ಅವರನ್ನು ಊರಾಚೆಗೆ ಕರೆದುಕೊಂಡು ಹೋಗಿ ಊರಿಗೆಲ್ಲ ಸೇರಿದ ಗುಂಡುತೋಪು ತೋರಿಸಿದರು. ಎರಡು ಹುಣಿಸೆ, ನಾಲ್ಕು ಹೊಂಗೆ, ನೆರಳಲ್ಲಿ ಮೆಲುಕು ಹಾಕುತ್ತಿದ್ದ ಯಾರದೋ ಎಮ್ಮೆ.

"ಇದ್ಯಾರದು?"

"ಊರಿಂದು ಬೀಗ್ರೆ."

"ಅಳಿಯಂದ್ರದ್ದು?"

ಹಿಂದೆಯೇ ಬಂದಿದ್ದ ಸಿದ್ದಗಂಗಯ್ಯ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮಂಜು ಮುಚ್ಚಿದ ಬೆಟ್ಟ, ಅದರ ಮುಂದೆ ಎರಡು ಚಕ್ರದ ಮೇಲೆ ಮೂಗು ಮೇಲೆತ್ತಿ ನಿಂತ ಉದ್ದನೆಯ ಫಿರಂಗಿ, ಅದರ ಪಕ್ಕದಲ್ಲಿ ಅಟೆನ್ಷನ್ನಿನಲ್ಲಿ ಅಳಿಯ. "ಇದು ಮಾವ ನಮ್ ತೋಪು. ಇಂಥವು ಆರು ಸೇರಿದ್ರೆ ಒಂದು ಬ್ಯಾಟರಿ."

ದೊಡ್ಡರಂಗಯ್ಯನವರು ಫೋಟೋವನ್ನು ಅಡ್ಡ ಹಿಡಿದರು, ಉದ್ದ ಹಿಡಿದರು. ಯಾವ ಕಡೆಯಿಂದ ನೋಡಿದರೂ ಒಂದು ಗರಿ ಕಾಣಲಿಲ್ಲ. ಹಿಂದೆ ನಿಂತ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಕುಣಿಗಲ್ ಸಂತೆಯ ಕಿವಿ, ಚೇಳೂರಿನ ಗುಂಡುತೋಪಿನಲ್ಲಿ, ಒಂದು ಎಮ್ಮೆಯ ಎದುರಿಗೆ ಮಾನ ಕಳೆದುಕೊಂಡಿತ್ತು. ಸಿಟ್ಟಿಗೆ ಅವರ ಮೀಸೆ ಕಾದು ಹೊಗೆ ಬಂದದ್ದನ್ನು ಕಂಡವರಿದ್ದಾರೆ.

"ಆರು ತೋಪು ಅಂತ ಹೇಳಿ ಹೆಣ್ ತಗಂಡ್ರಿ. ಸರಿ. ಆ ಆರನ್ನೂ ಈ ಕಣ್ಣಿಗೆ ತೋರ್ಸೋ ತನ್ಕ ಅಳಿಯನ ಮನೆ ಹೊಸಲು ತುಳಿಯಲ್ಲ. ಇದು ದೊಡ್ಡರಂಗಯ್ಯನ ಮಾತು!"

ಮಾತು ಬಾಯಿಂದ ಹಾರಿತು. ಹಾರಿಸಿದ ಮೇಲೆ ಮದ್ದನ್ನು ಮತ್ತೆ ಒಳಗೆ ತುಂಬಲು ಬಾರದು ಎಂಬುದು ಅಳಿಯನಿಗೆ ಗೊತ್ತಿತ್ತು. ಮಾವನಿಗೆ ಅವತ್ತೇ ಗೊತ್ತಾಗಲಿಲ್ಲ.

ಗೊತ್ತಾದದ್ದು ಸಿದ್ದಲಕ್ಷ್ಮಮ್ಮ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದಾಗ. ಗಂಡ ಗಡಿಯಲ್ಲಿ, ಹೆಂಡತಿ ಹೈವೇ ಪಕ್ಕದ ಕೇರಿಯಲ್ಲಿ. ಅವಳೇ ತವರಿಗೆ ಬರಬೇಕೇ ಹೊರತು ಅಪ್ಪ ಅಲ್ಲಿಗೆ ಹೋಗುವ ಹಾಗಿಲ್ಲ. ಮೊಮ್ಮಗಳು ಕೃತಿಕಾಳ ನಾಮಕರಣಕ್ಕೆ ನಿಂಗಮ್ಮನೊಬ್ಬಳೇ ಹೋಗಿಬಂದಳು. ದೊಡ್ಡರಂಗಯ್ಯನವರು ಜಗಲಿಯಲ್ಲಿ ಕೂತು, ಅವತ್ತು ಮಾರಬೇಕಾಗಿಲ್ಲದ ಕಾಯಿಗಳನ್ನೆಲ್ಲ ತಟ್ಟುತ್ತಿದ್ದರು. "ಹೋಗ್ಬಾರ್ದಾ? ಯಾರು ಕೈ ಹಿಡ್ಕಂಡವ್ರೆ?" ಎಂದು ನಿಂಗಮ್ಮ ಕೇಳಿದರೆ, "ಆಡಿದ್ದೀನಲ್ಲೇ" ಎಂದರು. ಅಷ್ಟೇ. ಸಂತೆಯಲ್ಲಿ ಬಾಯಿಮಾತಿನಲ್ಲೇ ಲೋಡುಗಟ್ಟಲೆ ಕಾಯಿ ಸಾಗಿಸಿದವರಿಗೆ ಮಾತು ಮುರಿಯುವುದು ಸುಲಭವಲ್ಲ.

ಅಳಿಯ ಮಾತ್ರ ರಜೆಗೆ ಬಂದಾಗಲೆಲ್ಲ ತಪ್ಪದೆ ಕುಣಿಗಲ್ಲಿಗೆ ಬರುತ್ತಿದ್ದ. ಮದುವೆಯಾದ ಮರುವರ್ಷ ಬಂದಾಗ, ಎರಡು ಸಲ ಕರೆದರೆ ಒಂದು ಸಲ ತಿರುಗುತ್ತಿರಲಿಲ್ಲ. ತೋಪಿನ ಪಕ್ಕ ನಿಂತು ನಿಂತು ಒಂದು ಕಿವಿ ಹೋಗಿದೆ ಎಂದು ಗೊತ್ತಾಯಿತು.

"ಯಾವ ಕಡೆದು?" ಎಂದು ದೊಡ್ಡರಂಗಯ್ಯ ಕೂಗಿ ಕೇಳಿದರು.

ಎದುರಿಗೆ ಕೂತಿದ್ದ ಸಿದ್ದಗಂಗಯ್ಯ ಕಿವಿ ಮುಟ್ಟಿಕೊಂಡು, "ಈ ಕಡೆದು ಮಾವ" ಎಂದ. ದೊಡ್ಡರಂಗಯ್ಯನವರು ತಮ್ಮ ಕೈ ನೋಡಿಕೊಂಡು, ಹೂಂ, ಎಡಗಡೆ, ಎಂದು ಗಟ್ಟಿ ಮಾಡಿಕೊಂಡರು. ಅಂದಿನಿಂದ ಅಳಿಯ ಬಂದಾಗಲೆಲ್ಲ ಅವನ ಎಡಕ್ಕೇ ಹೋಗಿ ಕೂರುತ್ತಿದ್ದರು. ಅಳಿಯನನ್ನು ಮುಖಕ್ಕೆ ಮುಖ ಕೊಟ್ಟು ಬೈಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಕೇಳಿಸದ ಕಿವಿಗೆ ಬೈದರೆ ಮರ್ಯಾದೆಯೂ ಉಳಿಯಿತು, ಹೊಟ್ಟೆಯೂ ಹಗುರ. "ನೆರಳಿಲ್ಲದ ತೋಪಿನೋನು... ಕಬ್ಬಿಣಕ್ಕೆ ಕಾವಲು ಕೂತೋನು... ಇವನ ಬ್ಯಾಟರಿಗೆ ಬೆಂಕಿ ಬೀಳ" ಎಂದು ಎಲೆ ಅಡಿಕೆ ಮೆಲ್ಲುತ್ತಾ ಗೊಣಗುವರು. ಸಿದ್ದಗಂಗಯ್ಯ ಸುಣ್ಣದ ಡಬ್ಬಿ ಮುಂದೆ ತಳ್ಳಿ "ಹೂಂ ಮಾವ" ಅನ್ನುವನು. ಕೇಳಿಸದಿದ್ದರೂ ಹೂಂ ಅಂತಾನೆ ಪಾಪ, ಅಂದುಕೊಳ್ಳುವರು ಮಾವ.

ಬೈದು ಬೈದು ಬಾಯಿ ಒಣಗಿದಾಗ ಕೇಳುವುದೂ ಇತ್ತು. "ಅಲ್ಲ ಕಣಪ್ಪ, ಆ ಕಬ್ಬಿಣನ ನೀವು ಅಷ್ಟೊಂದು ಜೋಪಾನ ಮಾಡೋದ್ಯಾಕೆ?"

ತೋಪಿನ ಮಾತು ಬಂದರೆ ಮಾತ್ರ ಸಿದ್ದಗಂಗಯ್ಯನ ಬಾಯಿ ಬಿಚ್ಚುತ್ತಿತ್ತು. "ಬೇರೆ ಪಡೆಗಳಿಗೆ ಬಾವುಟ ಇರುತ್ತೆ ಮಾವ. ನಮಗೆ ಬಾವುಟ ಇಲ್ಲ. ತೋಪೇ ಬಾವುಟ. ಅದರ ಮೇಲೆ ಕೂರಂಗಿಲ್ಲ, ದಾಟಂಗಿಲ್ಲ, ಒಂಟಿಯಾಗಿ ಬಿಟ್ಟು ಬರಂಗಿಲ್ಲ. ಬಿಟ್ಟು ಬಂದ್ರೆ ರೆಜಿಮೆಂಟಿನ ಮಾನ ಹೋಯ್ತು ಅಂತ."

ಆ ರೆಜಿಮೆಂಟಿನ ಹಳೆಯ ಕಥೆಗಳನ್ನೂ ಹೇಳುತ್ತಿದ್ದ. ಸ್ವಾತಂತ್ರ್ಯಕ್ಕೆ ಮುಂಚೆ ಅವರ ತೋಪುಗಳನ್ನು ಬಿಚ್ಚಿ, ತುಂಡು ತುಂಡಾಗಿ ಹೇಸರಗತ್ತೆಗಳ ಬೆನ್ನಿಗೆ ಹೇರಿ ಬೆಟ್ಟ ಹತ್ತಿಸುತ್ತಿದ್ದರಂತೆ. ಮೋತಿ ಎಂಬ ಒಂದು ಹೇಸರಗತ್ತೆ, ತನ್ನನ್ನು ನಡೆಸುತ್ತಿದ್ದವನು ದಾರಿಯಲ್ಲಿ ಗುಂಡೇಟಿಗೆ ಬಿದ್ದ ಮೇಲೂ, ನಳಿಗೆಯನ್ನು ಹೊತ್ತುಕೊಂಡು ಒಂಟಿಯಾಗಿ ಬೆಟ್ಟದ ತುದಿಯವರೆಗೆ ಹೋಗಿ ನಿಂತಿತಂತೆ. ಅಂದಿನಿಂದ ರೆಜಿಮೆಂಟ್ ಹುಟ್ಟಿದ ದಿನ ಹಾಜರಿ ಕೂಗುವಾಗ ಮೊದಲ ಹೆಸರು ಮೋತಿಯದು. ಎಲ್ಲರಿಗಿಂತ ಕಿರಿಯ ಸಿಪಾಯಿ ಅದರ ಪರವಾಗಿ "ಹಾಜಿರ್!" ಅನ್ನಬೇಕು.

"ಕತ್ತೆಗೆ ಹಾಜರಿ ಹಾಕ್ತೀರಾ!" ಎಂದು ದೊಡ್ಡರಂಗಯ್ಯ ತೊಡೆ ತಟ್ಟಿಕೊಂಡು ನಕ್ಕರು. ಆದರೆ ಮುಂದಿನ ಸಂತೆಯಲ್ಲಿ ಆ ಕಥೆಯನ್ನು ಹೇಳಿದವರು ಅವರೇ. ಹೇಳುವಾಗ ಹೇಸರಗತ್ತೆ ಹೋಗಿ ಕುಣಿಗಲ್ ಫಾರಂನ ಕುದುರೆಯಾಗಿತ್ತು, ಗುಡ್ಡ ಹೋಗಿ ಹಿಮಾಲಯವಾಗಿತ್ತು, ಕುದುರೆಗೆ ಹುಲ್ಲು ಹಾಕಿದವರು ಅವರ ತಾತನೇ ಆಗಿದ್ದರು.

ಇನ್ನೊಂದು ರೂಢಿ ಅವರಿಗೆ ನೇರವಾಗಿ ತಗುಲಿಕೊಂಡಿತು. ಆಯುಧಪೂಜೆಗೂ, ಹೊಸ ಜಾಗದಲ್ಲಿ ಮೊದಲ ಗುಂಡು ಹಾರಿಸುವ ಮುಂಚೆಯೂ ತೋಪಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ ಎಂದು ಅಳಿಯ ಹೇಳಿದ.

"ಕಾಯಿ ಎಲ್ಲಿಂದ ತರ್ತೀರ?"

"ಅಲ್ಲೇ ಅಂಗ್ಡೀಲಿ. ಒಂದೊಂದ್ಸಲ ಒಣಗೋಗಿರುತ್ತೆ."

ದೊಡ್ಡರಂಗಯ್ಯನವರಿಗೆ ಇದು ತಡೆಯಲಾಗಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಒಂದೊಂದೇ ಕಾಯಿಗೆ ಕಿವಿ ಕೊಟ್ಟು, ಆರಿಸಿ, ಚೀಲ ತುಂಬಿ ತಂದು ಅಳಿಯನ ಕಾಲ ಬಳಿ ಇಟ್ಟರು. "ನಿಂಗಲ್ಲ ಇದು. ಕೆಟ್ಟ ಕಾಯಿ ಒಡ್ದು ಜಿಲ್ಲೆ ಮರ್ಯಾದೆ ತೆಗೀಬ್ಯಾಡ ಅಂತ." ಆಮೇಲೆ ಪ್ರತಿ ರಜೆ ಮುಗಿದಾಗಲೂ ಒಂದು ಚೀಲ ಕಾಯಿ ಕುಣಿಗಲ್ಲಿನಿಂದ ಗಡಿಗೆ ರೈಲು ಹತ್ತಿತು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಬೆಟ್ಟದ ಮೇಲೆ ಯುದ್ಧವಾಯಿತು. ದೊಡ್ಡರಂಗಯ್ಯನವರ ಮನೆಯಲ್ಲಿ ರೇಡಿಯೋ ಆರಿಸುತ್ತಿರಲಿಲ್ಲ. ತೋಪು ಎಂಬ ಮಾತು ಬಂದರೆ ಅವರು ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದರು. ಒಂದು ದಿನ ಯಾರಿಗೂ ಹೇಳದೆ ತುಮಕೂರು ಬಸ್ಸು ಹತ್ತಿ ಬಟವಾಡಿಗೆ ಹೋದರು. ಮಗಳ ಮನೆಯ ಮುಂದೆ, ರಸ್ತೆಯಲ್ಲೇ ನಿಂತು ಕೂಗಿದರು.

"ಲಕ್ಷ್ಮೀ, ಏನಾರಾ ಸುದ್ದಿ ಬಂತಾ?"

"ಬಂತಪ್ಪಾ, ಚೆನ್ನಾಗವ್ರಂತೆ. ಒಳಕ್ಕೆ ಬಾ."

"ಇಲ್ಲೇ ಸರ್ಯಾಗೈತೆ."

ಸಿದ್ದಲಕ್ಷ್ಮಮ್ಮ ತಂಬಿಗೆಯಲ್ಲಿ ನೀರು ತಂದಳು. ಬಿಸಿಲಲ್ಲಿ ಆಟೋಗಳು ಹಾರನ್ ಹೊಡೆಯುತ್ತಾ ಬಳಸಿಕೊಂಡು ಹೋಗುತ್ತಿದ್ದವು. ಮುದುಕರು ರಸ್ತೆಯ ಮಧ್ಯೆ ನಿಂತು ತಂಬಿಗೆ ಎತ್ತಿ ಕುಡಿದರು. ಹೊಸಲು ಎರಡು ಮಾರು ದೂರದಲ್ಲಿತ್ತು. ಬಾಗಿಲ ಸಂದಿಯಿಂದ ಕೃತಿಕಾ, "ಅಮ್ಮ, ತಾತನ ಕಾಲು ನೋಯ್ತೈತಾ? ಮೆಟ್ಲು ಹತ್ತಕ್ಕಾಗಲ್ವಾ?" ಎಂದು ಕೇಳಿದ್ದು ಆ ಪ್ರಸಿದ್ಧ ಕಿವಿಗೆ ಬಿತ್ತು. ವಾಪಸು ಬಸ್ಸಿನಲ್ಲಿ ಅವರು ಯಾವ ಮರವನ್ನೂ ನೋಡಲಿಲ್ಲ.

ಯುದ್ಧ ಮುಗಿದು ಅಳಿಯ ಬಂದ. ಕೆಲವು ವರ್ಷದಲ್ಲಿ ಹವಾಲ್ದಾರನಾಗಿ ನಿವೃತ್ತನೂ ಆದ. ತುಮಕೂರಿನ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ತೋಪು ಹಿಡಿದ ಕೈಗೆ ಬ್ಯಾಂಕಿನ ಬಂದೂಕು ಊದುಬತ್ತಿಯ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ಒರಗಿಸಿ ಇಡು ಎಂದು ಮ್ಯಾನೇಜರ್ ಎಷ್ಟು ಹೇಳಿದರೂ ಒರಗಿಸಲಿಲ್ಲ. ಬ್ಯಾಂಕಿನಲ್ಲಿದ್ದಷ್ಟು ಹೊತ್ತೂ ಅದನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲ. ಇನ್ನು ಆರು ತೋಪು ತೋರಿಸುವ ದಾರಿ ಮುಚ್ಚಿತು ಎಂದು ದೊಡ್ಡರಂಗಯ್ಯ ತಿಳಿದರು. ಅವರಿಗೂ ವಯಸ್ಸಾಗಿತ್ತು, ಕಾಲು ನಿಜವಾಗಿಯೇ ನೋಯುತ್ತಿತ್ತು. ಮಗಳ ಮನೆಯ ಒಳಗಡೆ ಗೋಡೆಗೆ ಯಾವ ಬಣ್ಣ ಎಂದೂ ತಿಳಿಯದೆ ಸಾಯುವೆನೇನೋ ಎಂಬ ಯೋಚನೆ ಬಂದರೆ, ಅಳಿಯನ ಎಡಕ್ಕೆ ಕೂತು ಇನ್ನೂ ನಾಲ್ಕು ಬೈಯುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಒಂದು ದಿನ ಸಿದ್ದಗಂಗಯ್ಯನ ಮನೆಗೆ ಫೋನ್ ಬಂತು. ಅವನ ಹಳೆಯ ಜೊತೆಗಾರ, ಈಗ ಸುಬೇದಾರ್. ಬ್ಯಾಟರಿ ಎಲ್ಲೋ ಅಭ್ಯಾಸ ಮುಗಿಸಿ ರಸ್ತೆಯ ಮೇಲೆ ಹೊರಟಿದೆ, ಅರಸೀಕೆರೆ, ತಿಪಟೂರು, ಗುಬ್ಬಿ ದಾಟಿ ನಾಳೆ ಬೆಳಿಗ್ಗೆ ಬಟವಾಡಿಯ ಬಳಿ ಚಹಾಕ್ಕೆ ನಿಲ್ಲುತ್ತದೆ ಎಂದ. ಸಿದ್ದಗಂಗಯ್ಯ ಅಂದೇ ಕುಣಿಗಲ್ಲಿಗೆ ಓಡಿದ.

ಮರುದಿನ ಹೆದ್ದಾರಿ ಬದಿಯಲ್ಲಿ ದೊಡ್ಡರಂಗಯ್ಯನವರು ಒಗೆದ ಪಂಚೆ ಉಟ್ಟು ನಿಂತಿದ್ದರು. ಹಸಿರು ಲಾರಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಹಿಂದೆ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡ ತೋಪುಗಳು. ಬಟವಾಡಿಗೆ ಬಟವಾಡಿಯೇ ನೋಡಲು ಬಂತು. ದೊಡ್ಡರಂಗಯ್ಯ ಬೆರಳು ಮಡಚಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು.

"ಐದೇ ಅವಲ್ಲಪ್ಪ."

ಆರನೆಯದರ ಚಕ್ರ ಕೆಟ್ಟು ಗುಬ್ಬಿಯಲ್ಲೇ ಉಳಿದಿದೆ ಎಂದು ಸುಬೇದಾರ್ ಹೇಳಿದ. ಸಿದ್ದಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಅಪ್ಪಾ, ಐದು ನೋಡಿದ್ಯಲ್ಲ, ಸಾಲ್ದಾ? ಬಾ ಒಳಕ್ಕೆ, ಇಡ್ಲಿ ಆರೋಗ್ತೈತೆ."

ಮುದುಕರ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲೇ ನಿಂತಿತು. "ಆರು ಅಂದಿದ್ದೆ ಕಣವ್ವ." ದನಿ ಸಂತೆಯ ದನಿಯಾಗಿರಲಿಲ್ಲ.

ಅಳಿಯ ಮಾವನ ಮುಖ ನೋಡಿದ. ಬಾ ಎಂದು ಬಲವಂತ ಮಾಡಲಿಲ್ಲ, ಐದೂ ಆರೂ ಒಂದೇ ಎಂದೂ ಅನ್ನಲಿಲ್ಲ. ಹಾದು ಹೋಗುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದ. "ಹತ್ತಿ ಮಾವ. ಗುಬ್ಬಿಗೆ ಹೋಗಿ ಬರಾನ."

ಗುಬ್ಬಿಯ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ, ನೆರಳಿಗೆಂದು ಲಾರಿಯನ್ನೂ ತೋಪನ್ನೂ ತಳ್ಳಿ ನಿಲ್ಲಿಸಿದ್ದರು. ಆಟೋ ಇಳಿದ ದೊಡ್ಡರಂಗಯ್ಯನವರು ನಿಂತಲ್ಲೇ ನಿಂತರು. ಅದು ತೆಂಗಿನ ತೋಪು. ಸಾಲು ಮರ, ಮೇಲೆ ಗೊನೆ, ಕೆಳಗೆ ಗರಿಯ ನೆರಳು. ಆ ನೆರಳಿನ ನಡುವೆ ಅಳಿಯನ ಫೋಟೋದಲ್ಲಿದ್ದ ಉದ್ದ ಮೂಗಿನದು. ಸುತ್ತ ಅದರ ಆಳುಗಳು, ಒಬ್ಬರೂ ಅದನ್ನು ಬಿಟ್ಟು ಹತ್ತು ಹೆಜ್ಜೆ ದೂರ ಹೋಗಿರಲಿಲ್ಲ.

"ತೋಪಿನೊಳಗೆ ತೋಪು" ಎಂದರು ದೊಡ್ಡರಂಗಯ್ಯ ತಮ್ಮಷ್ಟಕ್ಕೆ. "ಪುಟ್ಟರಂಗಯ್ಯ ಸುಳ್ಳು ಹೇಳಿರ್ಲಿಲ್ಲ ಬುಡು."

ಚಪ್ಪಲಿ ಬಿಟ್ಟು ಹತ್ತಿರ ಹೋದರು. ಅಭ್ಯಾಸಬಲ, ಬೆರಳು ಮಡಚಿ ನಳಿಗೆಯನ್ನು ಟಣ್ಣನೆ ತಟ್ಟಿ ಕಿವಿ ಇಟ್ಟರು. ಸಿಪಾಯಿಯೊಬ್ಬ ಗದರಲು ಬಾಯಿ ತೆರೆದ. ಸಿದ್ದಗಂಗಯ್ಯ ಕೈಸನ್ನೆ ಮಾಡಿ, ಹಿಂದಿಯಲ್ಲಿ, ಇವರು ನಮ್ಮ ಮಾವ, ಕುಣಿಗಲ್ಲಿನವರು ಎಂದ. ಅಷ್ಟಕ್ಕೆ ಆ ಸಿಪಾಯಿಯ ಮುಖ ಅರಳಿತು. "ನಾರಿಯಲ್ ವಾಲೇ ದಾದಾ?" ಎಂದು ಬಂದು ಮುದುಕರ ಕಾಲು ಮುಟ್ಟಿದ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಬೆಟ್ಟದ ಮೇಲೆ ಆ ಬೇಸಿಗೆಯಲ್ಲಿ ಆರೂ ತೋಪಿಗೆ ಒಡೆದದ್ದು ಕುಣಿಗಲ್ ಕಾಯಿಯಂತೆ. ಹೊಸದಾಗಿ ಸೇರಿದವರಿಗೂ ಮೋತಿಯ ಕಥೆಯ ಜೊತೆಗೆ ಕಾಯಿ ತಾತನ ಕಥೆಯನ್ನೂ ಹೇಳುತ್ತಾರಂತೆ. ಸಿದ್ದಗಂಗಯ್ಯ ಇದನ್ನೆಲ್ಲ ಕನ್ನಡ ಮಾಡಿ ಹೇಳಿದ. ಇಷ್ಟು ವರ್ಷದಲ್ಲಿ ಅವನು ಇದನ್ನು ಒಂದು ಸಲವೂ ಬಾಯಿಬಿಟ್ಟಿರಲಿಲ್ಲ.

ದೊಡ್ಡರಂಗಯ್ಯನವರು ಕೈಯೆತ್ತಿ ಒಬ್ಬೊಬ್ಬರ ತಲೆಯನ್ನೂ ಮುಟ್ಟಿದರು. ಆಮೇಲೆ, "ಇಲ್ಲಿ ಮೋತಿ ಯಾರಪ್ಪ?" ಎಂದರು.

ಲಾರಿಯ ಆಚೆ ಪಾತ್ರೆ ತೊಳೆಯುತ್ತಿದ್ದ, ಮೀಸೆ ಇನ್ನೂ ಬಾರದ ಒಬ್ಬ ಸಿಪಾಯಿ ಕನ್ನಡದ ಒಂದಕ್ಷರ ತಿಳಿಯದಿದ್ದರೂ ಆ ಹೆಸರಿಗೆ ಸೆಟೆದು ನಿಂತು ಕೂಗಿದ. "ಹಾಜಿರ್!"

ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಒಂದು ಒಣ ಗರಿಯೂ ಬಿತ್ತು. ಹತ್ತು ಮೈಲಿ ಕೇಳಿಸಿತು ಎಂದು ದೊಡ್ಡರಂಗಯ್ಯ ಆಮೇಲೆ ಸಂತೆಯಲ್ಲಿ ಹೇಳಿದ್ದರಲ್ಲಿ ಹೆಚ್ಚು ಸುಳ್ಳಿಲ್ಲ.

ಚಕ್ರ ಸರಿಯಾಯಿತು. ಹೊರಡುವ ಮುಂಚೆ ಒಡೆಯಲು ಕಾಯಿಯನ್ನು ಮುದುಕರೇ ಆರಿಸಿಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಬಟವಾಡಿ. ಮಗಳ ಮನೆಯ ಮುಂದೆ ದೊಡ್ಡರಂಗಯ್ಯನವರು ಕಾಲು ತೊಳೆದು, ಹೊಸಲಿಗೆ ಬಗ್ಗಿ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಸಿದ್ದಲಕ್ಷ್ಮಮ್ಮ ಅಡುಗೆಮನೆಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. "ಗ್ವಾಡೆಗೆ ಹಸಿರು ಬಣ್ಣ" ಎಂದು ಮುದುಕರು ಸುತ್ತ ನೋಡಿ ಹೇಳಿದರು. "ಮಿಲ್ಟ್ರಿ ಮನೆ ಅಂತ ಗೊತ್ತಾಗ್ಬೇಕಲ್ಲ ತಾತ" ಎಂದಳು ಕೃತಿಕಾ.

ಮಾವ ಅಳಿಯ ಊಟಕ್ಕೆ ಕೂತರು. ದೊಡ್ಡರಂಗಯ್ಯನವರು ಎಂದಿನಂತೆ ಅಳಿಯನ ಎಡಕ್ಕೆ. ಮೊದಲ ತುತ್ತು ನುಂಗಿ, ಅತ್ತಿತ್ತ ನೋಡಿ, ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಗೆ ಬಗ್ಗಿ ಗೊಣಗಿದರು.

"ತೋಪು ಹೋಗ್ಲಿ ಬುಡು. ನನ್ ಮಗ್ಳಿಗೆ ಇಂಥ ಗಂಡನ್ನ ಆರು ತೋಪು ಮಾರಿದ್ರೂ ನಾನು ತರಕ್ಕಾಗ್ತಿರ್ಲಿಲ್ಲ. ಇದನ್ನ ಈ ಕಿವುಡನ ಎದುರಿಗೆ ಹೇಳಕ್ಕಾಯ್ತದಾ? ತಲೆ ಮೇಲೆ ಕೂತ್ಕಂಬುಡ್ತಾನೆ."

ಸಿದ್ದಗಂಗಯ್ಯ ತಲೆಯೆತ್ತದೆ ಸಾರು ಕಲಸುತ್ತಾ ಹೇಳಿದ.

"ಕಿವುಡು ಬಲಗಿವಿ ಮಾವ. ಇಷ್ಟು ವರ್ಷ ನೀವು ತಟ್ತಾ ಇರೋದು ಒಳ್ಳೇ ಕಾಯೀನೇ."